ಒಂದೇ ಸಿಲಿಂಡರ್ ಸೋತಿದೆ, ಇಡೀ ಎಂಜಿನ್ ಇಳಿಸಬೇಕೇ?

ಗಾಡಿ ಪ್ರಶ್ನೆ, ಗ್ಯಾರೇಜ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆ ಕಾರಿನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಒತ್ತಿದಾಗ ಏಳುವ ಒತ್ತಡದ ಬಗ್ಗೆಯೇ ಇವೆ. ಕಂಪ್ರೆಷನ್ ಅಂಕಿಗಳೆಲ್ಲ ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ. ಗದಗಿನ ಪತ್ರಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಉಳಿದವರು ಮೊದಲು ಅದನ್ನೇ ಓದಿ. ಅಲ್ಲಿ ಹೇಳಿದ್ದನ್ನು ಪ್ರತಿ ಉತ್ತರದಲ್ಲೂ ಮತ್ತೆ ಹೇಳಿಲ್ಲ.

ಪ್ರಶ್ನೆ: ನನ್ನದು 1998ರ ಮಾರುತಿ 800, ಕಾರ್ಬೊರೇಟರ್ ಗಾಡಿ. ಎಲ್‌ಪಿಜಿ ಕಿಟ್ ಹಾಕಿಸಿ ಬಹಳ ವರ್ಷವಾಯಿತು. ಕೆಲವು ತಿಂಗಳಿಂದ ನಿಂತಲ್ಲಿ ಎಂಜಿನ್ ಗಡಗಡ ಅಲುಗುತ್ತದೆ, ಮಿಸ್ಸಿಂಗ್ ಇದೆ. ರಸ್ತೆಯಲ್ಲಿ ಓಡಿಸುವಾಗ ಅಷ್ಟು ಗೊತ್ತಾಗುವುದಿಲ್ಲ. ಪ್ಲಗ್, ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಎಲ್ಲ ಬದಲಿಸಿದೆ. ಕಡೆಗೆ ಮೆಕ್ಯಾನಿಕ್ ಕಂಪ್ರೆಷನ್ ನೋಡಿದರು. ಮೊದಲ ಎರಡು ಸಿಲಿಂಡರ್ 160 ಮತ್ತು 155, ಮೂರನೆಯದು 100. "ರಿಂಗ್ ಹೋಗ್ಯಾವ್ರಿ, ಪೂರಾ ಎಂಜಿನ್ ಇಳಸಬೇಕು" ಅಂದರು. ಹೊಗೆ ಇಲ್ಲ, ಆಯಿಲ್ ಕಡಿಮೆಯಾಗುತ್ತಿಲ್ಲ. ಒಂದೇ ಸಿಲಿಂಡರಿನ ರಿಂಗ್ ಹೋಗುತ್ತದೆಯೇ? ಬೋರ್ ಮಾಡಿಸಲೇ?
(ಮುಳಗುಂದ ನಾಕಾ, ಗದಗ)

ಉತ್ತರ: ಬೋರ್ ಮಾಡಿಸುವ, ಅಂದರೆ ಸಿಲಿಂಡರಿನ ಗೋಡೆ ಕೊರೆದು ಅಗಲ ಮಾಡಿಸುವ ಮಾತು ಸದ್ಯಕ್ಕೆ ಬಿಡಿ. ನೀವು ಬರೆದ ಲಕ್ಷಣ ನೋಡಿದರೆ ನನಗೆ ಅನುಮಾನ ಮೂರನೇ ಸಿಲಿಂಡರಿನ ಎಗ್ಜಾಸ್ಟ್ ವಾಲ್ವ್, ಅಂದರೆ ಉರಿದ ಹೊಗೆ ಹೊರಹೋಗುವ ಬಾಗಿಲಿನ ಮೇಲೆ. ಅನುಮಾನದ ಮೇಲೆ ಯಾರೂ ಎಂಜಿನ್ ಬಿಚ್ಚಬಾರದು, ನನ್ನ ಅನುಮಾನದ ಮೇಲೂ ಬಿಚ್ಚಬಾರದು. ಖಾತ್ರಿ ಮಾಡಿಕೊಳ್ಳುವ ದಾರಿ ಹೇಳುತ್ತೇನೆ. ಇದ್ಯಾವುದಕ್ಕೂ ಹೆಡ್ (ಸಿಲಿಂಡರುಗಳ ಮೇಲಿನ, ವಾಲ್ವ್ ಇರುವ ಭಾಗ) ಇಳಿಸಬೇಕಿಲ್ಲ.

ಒಂದೇ ಸಿಲಿಂಡರಿನ ರಿಂಗ್ ಹೋಗುತ್ತದೆಯೇ ಎಂದು ಕೇಳಿದ್ದೀರಿ. ರಿಂಗ್ ಅಂದರೆ ಗಾಳಿ ಸೋರದಂತೆ ಪಿಸ್ಟನ್ ಸುತ್ತ ಇರುವ ಬಳೆ. ಅದು ಮುರಿದರೆ, ಇಲ್ಲವೇ ಕಾರ್ಬನ್ ಹಿಡಿದು ಜಾಮ್ ಆದರೆ ಹೋಗುತ್ತದೆ. ಸವೆಯುವುದು ಬೇರೆ. ಮೂರೂ ಪಿಸ್ಟನ್ ಅದೇ ಗಾಳಿ ಎಳೆದಿವೆ, ಅದೇ ಆಯಿಲ್‌ನಲ್ಲಿ ಓಡಿವೆ, ಅಷ್ಟೇ ಕಿಲೋಮೀಟರ್ ಕಂಡಿವೆ. ಸವೆದರೆ ಹೆಚ್ಚುಕಮ್ಮಿ ಮೂರೂ ಸವೆಯಬೇಕು. ಎರಡು ಗಟ್ಟಿಯಾಗಿವೆ, ಒಂದು ಮಾತ್ರ ಸೋತಿದೆ, ಹೊಗೆ ಇಲ್ಲ, ಆಯಿಲ್ ಕುಡಿಯುತ್ತಿಲ್ಲ ಅಂದರೆ ನನ್ನ ಕೈ ಮೊದಲು ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಕವರ್ ಕಡೆಗೇ ಹೋಗುತ್ತದೆ.

ನಿಂತಲ್ಲಿ ಮಿಸ್ಸಿಂಗ್, ಓಡುವಾಗ ಸರಿ ಎಂದಿದ್ದೀರಿ. ಇದೂ ಅದೇ ಕಡೆ ಬೆರಳು ತೋರಿಸುತ್ತದೆ. ಎಂಜಿನ್ ನಿಧಾನ ತಿರುಗುವಾಗ ಒತ್ತಿದ ಗಾಳಿಗೆ ಸೋರಿಹೋಗಲು ಜಾಸ್ತಿ ಸಮಯ ಸಿಗುತ್ತದೆ. ಜೋರಾಗಿ ತಿರುಗುವಾಗ ಸೋರುವ ಮುಂಚೆಯೇ ಅದು ಉರಿದು ಮುಗಿದಿರುತ್ತದೆ. ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಎಂಜಿನ್ ಸ್ಲೋದಲ್ಲಿ ಓಡುತ್ತಿರಲಿ. ಒಂದು ಕಾಗದದ ಚೂರನ್ನು ಸೈಲೆನ್ಸರ್ ಬಾಯಿಯ ಹತ್ತಿರ ಹಿಡಿಯಿರಿ. ಎಂಜಿನ್ ಸರಿ ಇದ್ದರೆ ಕಾಗದ ಒಂದೇ ಸಮ ಹೊರಗೆ ತಳ್ಳಿಸಿಕೊಳ್ಳುತ್ತದೆ. ಎಗ್ಜಾಸ್ಟ್ ವಾಲ್ವ್ ಸರಿಯಾಗಿ ಕೂರದಿದ್ದರೆ ಮಧ್ಯೆ ಮಧ್ಯೆ ಪೈಪಿನ ಕಡೆಗೆ ಎಳೆದುಕೊಳ್ಳುತ್ತದೆ. ಬರೀ ಮಿಸ್ಸಿಂಗ್‌ನಿಂದಲೂ ಕಾಗದ ಸ್ವಲ್ಪ ತಡವರಿಸುತ್ತದೆ, ಹಾಗಾಗಿ ಇದೊಂದನ್ನೇ ನಂಬಬೇಡಿ.

ಈಗ ಆ 160, 155, 100ರ ಕಡೆ ಬರೋಣ. ಈ ಅಂಕಿ ಹೇಗೆ ತೆಗೆದರು ಎಂದು ನೀವು ಬರೆದಿಲ್ಲ. ಗೇಜ್ ಸುಳ್ಳು ಹೇಳುವುದು ಕಡಿಮೆ, ಹಚ್ಚುವವರ ಅವಸರವೇ ಜಾಸ್ತಿ. ನಮ್ಮ ಗ್ಯಾರೇಜಿಗೆ ಹೊಸದಾಗಿ ಬಂದ ಹುಡುಗರು ಒಂದು ಪ್ಲಗ್ ಬಿಚ್ಚಿ, ಗೇಜ್ ಒತ್ತಿ ಹಿಡಿದು, ಸೆಲ್ಫ್ ಎರಡು ಸಲ 'ಕುಂಯ್' ಅನ್ನಿಸಿ ನಂಬರ್ ಕೂಗಿಬಿಡುತ್ತಾರೆ. ಆ ನಂಬರಿಗೆ ಬೆಲೆ ಇಲ್ಲ. ಮತ್ತೊಮ್ಮೆ ಹೀಗೆ ನೋಡಿಸಿ.

ಎಂಜಿನ್ ಬಿಸಿಯಾಗಿರಬೇಕು. ಗದಗದಿಂದ ಲಕ್ಕುಂಡಿಗೆ ಹೋಗಿ ಬಂದಷ್ಟು ಓಡಿದ್ದರೆ ಸಾಕು. ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು. ಮೂರೂ ಪ್ಲಗ್ ಬಿಚ್ಚಬೇಕು, ಒಂದನ್ನಲ್ಲ. ಪ್ಲಗ್ ಬಿಚ್ಚುವ ಮುಂಚೆ ಸುತ್ತಲಿನ ಧೂಳು ಊದಿ ತೆಗೆಯಿರಿ, ಇಲ್ಲದಿದ್ದರೆ ಅದೆಲ್ಲ ಒಳಗೇ ಬೀಳುತ್ತದೆ. ಕಾಯಿಲ್‌ನ ಕರೆಂಟ್ ತಪ್ಪಿಸಿ. ಗ್ಯಾಸ್ ಸ್ವಿಚ್ ಆಫ್ ಮಾಡಿ, ಟ್ಯಾಂಕಿನ ವಾಲ್ವ್ ಮುಚ್ಚಿ. ಏರ್ ಫಿಲ್ಟರ್ ತೆಗೆದಿಡಿ. ಆಮೇಲೆ ಮುಖ್ಯವಾದದ್ದು: ಸೆಲ್ಫ್ ಹೊಡೆಯುವವರು ಆ್ಯಕ್ಸಿಲರೇಟರನ್ನು ತಳದವರೆಗೆ ಒತ್ತಿ ಹಿಡಿದಿರಬೇಕು. ಥ್ರಾಟಲ್ ಮುಚ್ಚಿದ್ದರೆ ಒಳಗೆ ಗಾಳಿಯೇ ಸಾಕಷ್ಟು ಬರುವುದಿಲ್ಲ, ಮತ್ತೆ ಒತ್ತುವುದು ಏನನ್ನು? ಪ್ರತಿ ಸಿಲಿಂಡರಿಗೂ ಗೇಜಿನ ಮುಳ್ಳು ಐದಾರು ಸಲ ಜಿಗಿಯುವವರೆಗೆ ಸೆಲ್ಫ್ ಹೊಡೆಯಿರಿ. ಮೂರಕ್ಕೂ ಅಷ್ಟೇ ಸಲ.

ಗೇಜ್ ಬಗ್ಗೆಯೂ ಒಂದು ಮಾತು. ರಬ್ಬರ್ ಮೂತಿಯನ್ನು ಕೈಯಿಂದ ಒತ್ತಿ ಹಿಡಿಯುವ ಗೇಜ್ ನನಗೆ ಸೇರುವುದಿಲ್ಲ. ಕೈ ಸ್ವಲ್ಪ ಸಡಿಲವಾದರೆ ಹತ್ತಿಪ್ಪತ್ತು ಪೌಂಡ್ ಅಲ್ಲೇ ಹೋಯಿತು. ಪ್ಲಗ್ಗಿನ ಜಾಗದಲ್ಲಿ ತಿರುಪಿ ಕೂರಿಸುವ ಹೋಸ್ ಇರುವ ಗೇಜ್ ಆಗಬೇಕು.

ಪ್ರತಿ ಸಿಲಿಂಡರಿಗೆ ಎರಡು ಅಂಕಿ ಬರೆದುಕೊಳ್ಳಿ. ಮೊದಲ ಜಿಗಿತಕ್ಕೆ ಮುಳ್ಳು ಎಲ್ಲಿಗೆ ಹೋಯಿತು, ಕಡೆಗೆ ಎಲ್ಲಿ ನಿಂತಿತು. ರಿಂಗ್ ಸೋತ ಸಿಲಿಂಡರ್ ಮೊದಲು ಕಡಿಮೆ ತೋರಿಸಿ, ಒಂದೊಂದೇ ಒತ್ತಿಗೆ ಮೆಲ್ಲಗೆ ಮೇಲೇರುತ್ತದೆ. ವಾಲ್ವ್ ಸೋರುವ ಸಿಲಿಂಡರ್ ಮೊದಲೂ ಕಡಿಮೆ, ಆಮೇಲೂ ಅಲ್ಲೇ ಒದ್ದಾಡುತ್ತಿರುತ್ತದೆ. ಬರೀ ಕಡೆಯ ಅಂಕಿ ಕೂಗಿದರೆ ಈ ಗುಟ್ಟು ತಿಳಿಯುವುದಿಲ್ಲ.

"ಪುಸ್ತಕದಲ್ಲಿ ಕೊಟ್ಟಷ್ಟು ಬರುವುದಿಲ್ಲ" ಎಂದು ಕೆಲವರು ಗಾಬರಿಯಾಗುತ್ತಾರೆ. ನಮ್ಮ ಹುಬ್ಬಳ್ಳಿ, ಗದಗ ಕಡೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರ. ಇಲ್ಲಿ ಗಾಳಿಯ ಒತ್ತಡವೇ ಅಂಕೋಲಾದಲ್ಲಿ ಇರುವುದಕ್ಕಿಂತ ಶೇಕಡ ಏಳರಷ್ಟು ಕಡಿಮೆ. ಅದಕ್ಕೆ ತಕ್ಕಂತೆ ಅಂಕಿಯೂ ಇಳಿಯುತ್ತದೆ. ಆದರೆ ಇಳಿದರೆ ಮೂರರಲ್ಲೂ ಸಮನಾಗಿ ಇಳಿಯಬೇಕು, ಅಲ್ವಾ? ನಾನು ನೋಡುವುದು ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನು. ಹೊಸ ಎಂಜಿನ್ನಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ಚದರ ಸೆಂಟಿಮೀಟರಿಗೆ 1 ಕೆಜಿ, ಅಂದರೆ ಚದರ ಇಂಚಿಗೆ 14 ಪೌಂಡಿಗಿಂತ ಹೆಚ್ಚು ಫರಕು ಇರಬಾರದು ಅನ್ನುತ್ತಾರೆ. ಹಳೆ ಗಾಡಿಗೆ ಅಷ್ಟು ಬಿಗಿ ಬೇಡ. ಎಲ್ಲಕ್ಕಿಂತ ಮೇಲಿನದರ ಮುಕ್ಕಾಲು ಭಾಗಕ್ಕಿಂತ ಕೆಳಗೆ ಯಾವುದೂ ಇಳಿಯಬಾರದು. ನಿಮ್ಮ 160ಕ್ಕೆ ಮುಕ್ಕಾಲು ಅಂದರೆ 120. ನೂರು ಬಂದಿದೆ. ಅಂಕಿ ಸರಿಯಾಗಿ ತೆಗೆದದ್ದೇ ಆದರೆ ತೊಂದರೆ ನಿಜ.

ಮುಂದೆ ಆಯಿಲ್ ಪರೀಕ್ಷೆ. ಆ ಮೂರನೇ ಸಿಲಿಂಡರಿನ ಪ್ಲಗ್ ತೂತಿನಲ್ಲಿ ಒಂದು ಚಹಾ ಚಮಚದಷ್ಟು ಎಂಜಿನ್ ಆಯಿಲ್ ಬಿಡಿ. ಸೆಲ್ಫ್ ಎರಡು ಮೂರು ಸುತ್ತು ಹೊಡೆದು ಆಯಿಲ್ ಹರಡಲು ಬಿಡಿ. ಮತ್ತೆ ಗೇಜ್ ಹಚ್ಚಿ. ಸೈಕಲ್ ಪಂಪಿನ ಚರ್ಮದ ವಾಷರ್ ಒಣಗಿದಾಗ ನಾಲ್ಕು ಹನಿ ಎಣ್ಣೆ ಬಿಟ್ಟರೆ ಪಂಪ್ ಮತ್ತೆ ಗಾಳಿ ಹಿಡಿಯುತ್ತದಲ್ಲ, ಇಲ್ಲೂ ಹಾಗೇ. ರಿಂಗ್ ಸುತ್ತ ಆಯಿಲ್ ನಿಂತು ಸ್ವಲ್ಪ ಹೊತ್ತು ಸಂದು ಮುಚ್ಚುತ್ತದೆ. 100 ಇದ್ದದ್ದು 140, 150ಕ್ಕೆ ಜಿಗಿದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ, ರಿಂಗ್ ಅಥವಾ ಬೋರ್. ನೂರರ ಆಸುಪಾಸಿನಲ್ಲೇ ನಿಂತರೆ ತೊಂದರೆ ಮೇಲಿದೆ: ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಕೆಳಗಿನ ಸಿಲಿಂಡರ್ ಬ್ಲಾಕಿಗೂ ನಡುವಿನ ಪದರ). ಒಂದು ಚಮಚ ಸಾಕು. ಜಾಸ್ತಿ ಸುರಿದರೆ ಆಯಿಲೇ ಜಾಗ ಹಿಡಿದು ಅಂಕಿ ಸುಳ್ಳಾಗಿ ಏರುತ್ತದೆ.

ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದೆ. ಹಳೆ ಪ್ಲಗ್ಗಿನ ಒಳಗಿನ ಪಿಂಗಾಣಿ ತೆಗೆದು, ಅದಕ್ಕೆ ಗಾಳಿಯ ನಿಪ್ಪಲ್ ಬೆಸೆಸಿಕೊಂಡರೆ ಅಡಾಪ್ಟರ್ ಆಯಿತು. ಮೂರನೇ ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತನ್ನಿ. ಆಗ ಎರಡೂ ವಾಲ್ವ್ ಮುಚ್ಚಿರಬೇಕು. ಗಾಡಿ ಗೇರಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಗಾಲಿಗೆ ಕಲ್ಲು ಕೊಡಿ. ಮೂರ್ನಾಲ್ಕು ಕೆಜಿ ಗಾಳಿ ಬಿಡಿ, ಅದಕ್ಕಿಂತ ಹೆಚ್ಚು ಬೇಡ. ಗಾಳಿ ಬಿಟ್ಟ ಕೂಡಲೇ ಎಂಜಿನ್ ತಿರುಗಿಬಿಡಬಹುದು, ಬೆಲ್ಟ್ ಹತ್ತಿರ ಕೈ ಇಡಬೇಡಿ. ಆಮೇಲೆ ಸುಮ್ನೆ ಕಿವಿಗೊಟ್ಟು ಕೇಳಿ. ಸೈಲೆನ್ಸರಿನಲ್ಲಿ 'ಸುಸ್' ಎಂದರೆ ಎಗ್ಜಾಸ್ಟ್ ವಾಲ್ವ್. ಕಾರ್ಬೊರೇಟರಿನ ಬಾಯಲ್ಲಿ ಕೇಳಿದರೆ ಇನ್‌ಲೆಟ್ ವಾಲ್ವ್. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿ ಜೋರಾಗಿ ಬಂದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಆಯಿಲ್ ಮುಚ್ಚಳದಲ್ಲಿ ಸ್ವಲ್ಪ ಗಾಳಿ ಎಲ್ಲ ಎಂಜಿನ್ನಿನಲ್ಲೂ ಬರುತ್ತದೆ. ಗಟ್ಟಿ ಇರುವ ಒಂದನೇ ಸಿಲಿಂಡರಿಗೂ ಹಾಗೇ ಗಾಳಿ ಬಿಟ್ಟು ಹೋಲಿಸಿ ನೋಡಿ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿ ಇದ್ದಾಗ ಮುಟ್ಟಬೇಡಿ.

ಇಷ್ಟಾದ ಮೇಲೆ, ಗಾಡಿ ರಾತ್ರಿಯಿಡೀ ತಣ್ಣಗಾದ ನಂತರ, ಟ್ಯಾಪೆಟ್ ಕವರ್ ತೆಗೆಸಿ ಮೂರನೇ ಸಿಲಿಂಡರಿನ ಎಗ್ಜಾಸ್ಟ್ ಟ್ಯಾಪೆಟ್ಟಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ನಿಮ್ಮ ಎಂಜಿನ್ನಿನಲ್ಲಿ ಸ್ಕ್ರೂ ಮತ್ತು ಲಾಕ್ ನಟ್ ಇದೆ, ಹೊಂದಿಸುವುದು ಸುಲಭ. ಗೇಜ್ ತೂರಲೇ ಇಲ್ಲ, ಸಂದೇ ಇಲ್ಲ ಎಂದರೆ ಕಳ್ಳ ಸಿಕ್ಕ ಹಾಗೆ. ಪುಸ್ತಕದಲ್ಲಿ ಹೇಳಿದಷ್ಟು ಸಂದು ಕೊಟ್ಟು ಮತ್ತೆ ಕಂಪ್ರೆಷನ್ ನೋಡಿ. ವಾಲ್ವ್ ಇನ್ನೂ ಸುಟ್ಟಿಲ್ಲದಿದ್ದರೆ ಅಲ್ಲೇ ಅಂಕಿ ಮೇಲೆ ಬರಬಹುದು, ಖರ್ಚು ಒಂದು ಕವರ್ ಗ್ಯಾಸ್ಕೆಟ್ಟಿನಷ್ಟೇ.

ಇದು ಯಾಕೆ ಹೀಗಾಗುತ್ತದೆ ಗೊತ್ತೇ? ನಿಮ್ಮ ಪತ್ರದಲ್ಲಿ ಎಲ್‌ಪಿಜಿ ಎಂದು ಓದಿದಾಗಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಗ್ಯಾಸ್ ಒಣ ಇಂಧನ. ಆಯಿಲ್ ಸ್ವಚ್ಛವಾಗಿ ಇರುತ್ತದೆ, ನಿಜ. ಆದರೆ ಎಗ್ಜಾಸ್ಟ್ ವಾಲ್ವ್ ಮತ್ತು ವಾಲ್ವ್ ಮುಚ್ಚಿದಾಗ ಕೂರುವ ಸೀಟಿನ ಮೇಲೆ ಗ್ಯಾಸ್ ಕಠಿಣ. ಹಿಂದೆ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು, ಅದು ಸೀಟಿನ ಮೇಲೆ ತೆಳು ಪದರವಾಗಿ ಕೂತು ಕಾಯುತ್ತಿತ್ತು. 2000ದಲ್ಲಿ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತಿತು. ಅದು ನಿಂತದ್ದು ಒಳ್ಳೆಯದೇ, ಉಸಿರಾಡುವವರು ನಾವು ತಾನೇ. ಗ್ಯಾಸಿನಲ್ಲಂತೂ ಅಂಥ ರಕ್ಷಣೆ ಯಾವತ್ತೂ ಇರಲಿಲ್ಲ. ಸೀಟ್ ಸವೆದಂತೆ ವಾಲ್ವ್ ಹೆಡ್ಡಿನೊಳಗೆ ಮೇಲಕ್ಕೆ ಸರಿಯುತ್ತದೆ, ಟ್ಯಾಪೆಟ್ ಸಂದು ಕಡಿಮೆಯಾಗುತ್ತ ಬರುತ್ತದೆ. ಸಪ್ಪಳವೂ ಕಡಿಮೆಯಾಗುತ್ತದೆ! ಎಂಜಿನ್ ಮೆತ್ತಗೆ ಓಡುತ್ತಿದೆ ಎಂದು ನಾವು ಖುಷಿಪಡುತ್ತೇವೆ. ಟ್ಯಾಪೆಟ್ ಕಟಕಟ ಅಂದರೆ ಎಲ್ಲರೂ ಗ್ಯಾರೇಜಿಗೆ ಬರುತ್ತಾರೆ, ಸುಮ್ಮನಾದರೆ ಯಾರೂ ಬರುವುದಿಲ್ಲ. ಕಡೆಗೆ ಸಂದು ಪೂರಾ ಹೋಗಿ ವಾಲ್ವ್ ಸೀಟಿನ ಮೇಲೆ ಕೂರುವುದೇ ಇಲ್ಲ. ವಾಲ್ವ್ ತನ್ನ ಬಿಸಿಯನ್ನು ಬಿಟ್ಟುಕೊಡುವುದೇ ಸೀಟಿನ ಮೂಲಕ. ಕೂರದಿದ್ದರೆ ಅಂಚು ಸುಟ್ಟು ತುಂಡಾಗುತ್ತದೆ.

ವಾಲ್ವ್ ಸುಟ್ಟಿದ್ದೇ ಆದರೆ ಹೆಡ್ ಇಳಿಸಲೇಬೇಕು. ಆದರೆ ಇಳಿಸಬೇಕಾದದ್ದು ಹೆಡ್, ಬ್ಲಾಕ್ ಗಾಡಿಯಲ್ಲೇ ಇರಲಿ. ಹೊಸ ಎಗ್ಜಾಸ್ಟ್ ವಾಲ್ವ್, ಸೀಟ್ ಕಟಿಂಗ್, ಪೇಸ್ಟ್ ಹಚ್ಚಿ ತಿಕ್ಕುವುದು, ವಾಲ್ವ್ ಆಯಿಲ್ ಸೀಲ್, ಹೊಸ ಹೆಡ್ ಗ್ಯಾಸ್ಕೆಟ್. ವಾಲ್ವ್ ಕಡ್ಡಿ ಆಡುವ ಗೈಡ್ ಸಡಿಲ ಇದೆಯೇ ಎಂದು ನೋಡಲು ಹೇಳಿ. ಗೈಡ್ ಅಲುಗಾಡುತ್ತಿದ್ದರೆ ಹೊಸ ವಾಲ್ವ್ ಕೂಡ ಬಹಳ ದಿನ ನೆಟ್ಟಗೆ ಕೂರುವುದಿಲ್ಲ. ಲೇತಿನಿಂದ ಹೆಡ್ ಬಂದ ಮೇಲೆ ಜೋಡಿಸುವ ಮುಂಚೆ ಅದನ್ನು ಪೋರ್ಟ್ ಮೇಲೆ ಬರುವಂತೆ ಮಗ್ಗುಲಾಗಿ ಇಟ್ಟು, ಪೋರ್ಟಿನಲ್ಲಿ ಸೀಮೆ ಎಣ್ಣೆಯೋ ಪೆಟ್ರೋಲೋ ತುಂಬಿಸಿ, ವಾಲ್ವ್ ಅಂಚಿನಲ್ಲಿ ಜಿನುಗುತ್ತದೆಯೇ ನೋಡಿ. ಜಿನುಗಿದರೆ ವಾಪಸ್ ಕಳಿಸಿ, ಸಂಕೋಚ ಬೇಡ. ಹೆಡ್ ಇಳಿದಿರುವಾಗ ಟೈಮಿಂಗ್ ಬೆಲ್ಟ್ ಕೂಡ ಹೊಸದು ಹಾಕಿಸಿ.

ನಿಮ್ಮ ಮೆಕ್ಯಾನಿಕ್ ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. "ಪೂರಾ ಎಂಜಿನ್" ಅಂದುಬಿಟ್ಟರೆ ಆಮೇಲೆ ಗಿರಾಕಿ ದೂರು ತರುವುದಿಲ್ಲ, ಅವರಿಗೂ ನೆಮ್ಮದಿ. ಆದರೆ ದುಡ್ಡು ನಿಮ್ಮದು. ಆಯಿಲ್ ಹಾಕಿ ನೋಡಿದಿರಾ ಎಂದು ಮರ್ಯಾದೆಯಿಂದಲೇ ಕೇಳಿ.

ಪ್ರಶ್ನೆ: ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಇದೆ. ಗೋಕರ್ಣಕ್ಕೆ ಹೋಗಿ ಬರುವಾಗ ಅರಬೈಲ್ ಘಾಟ್ ಏರುವಲ್ಲಿ ಬಿಸಿಯಾಗಿ ನಿಂತಿತು. ನೀರು ಹಾಕಿಕೊಂಡು ಹೇಗೋ ಹುಬ್ಬಳ್ಳಿಗೆ ತಂದೆ. ಈಗ ಎಳೆತವೇ ಇಲ್ಲ. ಕಂಪ್ರೆಷನ್ 130, 60, 65, 125. ಹೆಡ್ ಬೋಲ್ಟ್ ಬಿಗಿ ಮಾಡಿದರೆ ಸರಿಹೋಗುತ್ತದೆಯೇ?
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಆಗುವುದಿಲ್ಲ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಸೋತು, ಆಚೀಚೆಯವು ಗಟ್ಟಿ ಇದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟು ದಾರಿಯಾಗಿದೆ ಎಂದೇ ಲೆಕ್ಕ. ಎರಡನೆಯದು ಒತ್ತಿದ ಗಾಳಿ ಮೂರಕ್ಕೆ ಹೋಗುತ್ತದೆ, ಮೂರನೆಯದು ಒತ್ತಿದ್ದು ಎರಡಕ್ಕೆ. ಆಯಿಲ್ ಬಿಟ್ಟು ನೋಡಿದರೂ ಅಂಕಿ ಏರುವುದಿಲ್ಲ. ಎರಡರಲ್ಲಿ ಒಂದಕ್ಕೆ ಗಾಳಿ ಬಿಟ್ಟರೆ ಇನ್ನೊಂದರ ಪ್ಲಗ್ ತೂತಿನಲ್ಲಿ ಹೊರಬರುತ್ತದೆ.

ಆಯಿಲಿನಲ್ಲಿ ನೀರು ಬಂದಿಲ್ಲ, ಹಾಗಾಗಿ ಗ್ಯಾಸ್ಕೆಟ್ ಸರಿ ಇದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎರಡು ಸಿಲಿಂಡರುಗಳ ನಡುವಿನ ಪಟ್ಟಿ ಮಾತ್ರ ಸುಟ್ಟರೆ ನೀರಿಗೂ ಆಯಿಲಿಗೂ ಸಂಬಂಧ ಬರುವುದಿಲ್ಲ.

ಬೋಲ್ಟ್ ಬಿಗಿ ಮಾಡಿದರೆ ಸುಟ್ಟ ಜಾಗ ಮತ್ತೆ ಹುಟ್ಟಿ ಬರುವುದಿಲ್ಲ. ಹಾಗೇ ಓಡಿಸಿದರೆ ಆ ಸಂದಿನಲ್ಲಿ ಬೆಂಕಿಯಂಥ ಗಾಳಿ ಹಾದು ಹೆಡ್ಡಿನಲ್ಲೇ ಗೀರು ಬೀಳುತ್ತದೆ. ಪದ್ಮಿನಿಯ ಬ್ಲಾಕ್ ಬೀಡು ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಅಷ್ಟು ಬಿಸಿಯಾದ ಮೇಲೆ ಹೆಡ್ ಬಾಗಿರುವ ಸಾಧ್ಯತೆ ಜಾಸ್ತಿ. ಗ್ಯಾಸ್ಕೆಟ್ ಬದಲಿಸುವ ಮುಂಚೆ ಹೆಡ್ ಮೇಲೆ ನೇರಪಟ್ಟಿ ಇಟ್ಟು, ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಫೀಲರ್ ಗೇಜಿನಿಂದ ನೋಡಬೇಕು. ಬಾಗಿದ್ದರೆ ಫೇಸಿಂಗ್, ಅಂದರೆ ಮೇಲ್ಮೈ ತೀಡಿಸಿ ಸಮ ಮಾಡಿಸಬೇಕು. ಇದನ್ನು ನೋಡದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಮುಂದಿನ ಘಾಟಿನಲ್ಲಿ ಇದೇ ಕತೆ. ಬೋಲ್ಟ್ ಬಿಗಿ ಮಾಡುವುದು ಟಾರ್ಕ್ ಪಾನಾದಿಂದ, ನಡುವಿನಿಂದ ಹೊರಗೆ, ಎರಡು ಮೂರು ಹಂತದಲ್ಲಿ.

ಮತ್ತೆ, ಬಿಸಿಯಾಗಿದ್ದು ಯಾಕೆ ಎಂದು ಹುಡುಕಿದಿರಾ? ರೇಡಿಯೇಟರ್ ಅರ್ಧ ಕಟ್ಟಿರಬಹುದು, ಥರ್ಮೋಸ್ಟಾಟ್ ಅಂಟಿರಬಹುದು, ಫ್ಯಾನ್ ಬೆಲ್ಟ್ ಸಡಿಲವಿರಬಹುದು. ಬೋರ್‌ವೆಲ್ ನೀರು ಹಾಕುತ್ತ ಬಂದ ಹಳೆ ರೇಡಿಯೇಟರುಗಳ ಕೊಳವೆಯಲ್ಲಿ ಸುಣ್ಣ ಕಟ್ಟುವುದು ನಮ್ಮ ಕಡೆ ಬಹಳ. ಕೂಲಂಟ್ ಬಳಸಿ.

ಪ್ರಶ್ನೆ: ಅಪ್ಪಾಜಿ ತೀರಿಕೊಂಡ ಮೇಲೆ ಅವರ ಮಾರುತಿ ಝೆನ್ ಮನೆ ಕಂಪೌಂಡಿನಲ್ಲೇ ಎರಡು ವರ್ಷ ನಿಂತಿತ್ತು. ಮಾರುವ ಮನಸ್ಸಿಲ್ಲ. ಹೊಸ ಬ್ಯಾಟರಿ ಹಾಕಿ ಚಾಲು ಮಾಡಿಸಿದೆ. ಒಂದು ಸಿಲಿಂಡರ್ 90, ಉಳಿದ ಮೂರು 150ರ ಮೇಲೆ. ನಿಲ್ಲಿಸುವ ಮುಂಚೆ ಗಾಡಿ ಬಹಳ ಚೆನ್ನಾಗಿತ್ತು. ಎಂಜಿನ್ ಬಿಚ್ಚಲೇಬೇಕಂತೆ. ಹೌದೇ?
(ಸಪ್ತಾಪುರ, ಧಾರವಾಡ)

ಉತ್ತರ: ಅಕ್ಕಾವರೇ, ಅವಸರ ಮಾಡಬೇಡಿ. ಎಂಜಿನ್ ನಿಂತಾಗ ಯಾವುದಾದರೂ ಒಂದೆರಡು ವಾಲ್ವ್ ತೆರೆದೇ ಇರುತ್ತವೆ. ಧಾರವಾಡದ ಮಳೆಗಾಲದ ತೇವ ಅಲ್ಲಿಂದ ಒಳಗೆ ಹೋಗಿ ಆ ಸಿಲಿಂಡರಿನ ಗೋಡೆಗೆ, ವಾಲ್ವ್ ಸೀಟಿಗೆ ತೆಳ್ಳನೆ ತುಕ್ಕು ಹಿಡಿಯುತ್ತದೆ. ರಿಂಗ್ ಕೂಡ ಪಿಸ್ಟನ್ನಿನ ತೋಡಿನಲ್ಲಿ ಅಂಟಿಕೊಂಡಿರಬಹುದು. ಇಷ್ಟು ದಿನ ನಿಂತ ಗಾಡಿಯ ಮೊದಲ ಅಂಕಿಯನ್ನು ನಾನು ತೀರ್ಪು ಎಂದು ತೆಗೆದುಕೊಳ್ಳುವುದಿಲ್ಲ.

ಪ್ಲಗ್ ಬಿಚ್ಚಿಸಿ, ಸೋತ ಸಿಲಿಂಡರಿಗೆ ಎರಡು ಚಮಚ ತೆಳು ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇರಲಿ. ಮರುದಿನ ಪ್ಲಗ್ ಹಾಕದೆಯೇ, ತೂತಿನ ಮೇಲೆ ಬಟ್ಟೆ ಮುಚ್ಚಿ, ಮೊದಲು ಕೈಯಿಂದ ಪುಲ್ಲಿ ತಿರುಗಿಸಿ, ಆಮೇಲೆ ಸೆಲ್ಫ್ ಹೊಡೆಸಿ. ಪ್ಲಗ್ ಹಾಕಿ ಹೊಡೆದರೆ ಒಳಗಿರುವ ಆಯಿಲಿಗೆ ಹೋಗಲು ದಾರಿಯಿಲ್ಲದೆ ಕನೆಕ್ಟಿಂಗ್ ರಾಡ್ ಬಾಗಬಹುದು. ಹಳೆ ಪೆಟ್ರೋಲ್ ಪೂರಾ ತೆಗೆಸಿ, ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ನಂತರ ಒಂದೆರಡು ವಾರ ದಿನಾ ಓಡಿಸಿ. ಬರೀ ಗೇಟಿನವರೆಗೆ ಓಡಿಸಿದರೆ ಆಗದು, ಬೈಪಾಸಿನಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗುವಂತೆ ಓಡಿಸಿ. ಮತ್ತೆ ಅಳೆಸಿ. 90 ಇದ್ದದ್ದು 120 ದಾಟಿದ್ದರೆ ಇನ್ನಷ್ಟು ಓಡಿಸಿ ಮತ್ತೆ ನೋಡಿ. ಒಂದಿಷ್ಟೂ ಅಲುಗದಿದ್ದರೆ ಗದಗಿನವರಿಗೆ ಹೇಳಿದ ಗಾಳಿ ಪರೀಕ್ಷೆ ಮಾಡಿಸಿ. ನೀಲಿ ಹೊಗೆ ಮೊದಲೆರಡು ದಿನ ಬರುತ್ತದೆ, ಅದು ನೀವು ಬಿಟ್ಟ ಆಯಿಲ್.

ಪ್ರಶ್ನೆ: ಮೆಣಸಿನಕಾಯಿ ಚೀಲ ಹೊರುವ ಓಮ್ನಿ ನಮ್ಮದು. ಹೊಲದ ದಾರಿಯಲ್ಲೇ ಜಾಸ್ತಿ ಓಡಾಟ. ಕಂಪ್ರೆಷನ್ 110, 105, 85. ಆಯಿಲ್ ಹಾಕಿ ನೋಡಿದಾಗ 150, 150, 140 ಬಂತು. ನೀಲಿ ಹೊಗೆ ಇದೆ. ಹೆಡ್ ಕೆಲಸ ಮಾಡಿಸಿದರೆ ನಡೆಯುತ್ತದಾ?
(ಬ್ಯಾಡಗಿ)

ಉತ್ತರ: ನಡೆಯುವುದಿಲ್ಲ. ನಿಮ್ಮದು ಗದಗಿನ ಗಾಡಿಗೆ ತಿರುವುಮುರುವು. ಮೂರೂ ಕೆಳಗಿವೆ, ಆಯಿಲ್ ಬಿಟ್ಟ ಕೂಡಲೇ ಮೂರೂ ಎದ್ದಿವೆ, ಹೊಗೆಯೂ ಇದೆ. ಇದು ರಿಂಗ್ ಮತ್ತು ಬೋರ್. ಇಲ್ಲಿ ಎಂಜಿನ್ ಇಳಿಸಿ ಅನ್ನುವವರು ಸರಿಯಾಗಿಯೇ ಹೇಳುತ್ತಿದ್ದಾರೆ.

ಬರೀ ರಿಂಗ್ ಹಾಕಿ ಮುಗಿಸೋಣ ಎಂದು ಯಾರಾದರೂ ಅಂದರೆ ಮೊದಲು ಬೋರ್ ಅಳೆಸಿ. ಮೇಲೆ, ನಡುವೆ, ಕೆಳಗೆ, ಎರಡೂ ದಿಕ್ಕಿನಲ್ಲಿ. ಸವೆತ ಮೇಲ್ಗಡೆ, ರಿಂಗ್ ಮೇಲೇರಿ ವಾಪಸ್ ತಿರುಗುವ ಜಾಗದಲ್ಲೇ ಜಾಸ್ತಿ. ಅಲ್ಲಿ ಉಗುರಿಗೆ ಸಿಗುವಷ್ಟು ಅಂಚು ಎದ್ದಿದ್ದರೆ ಹೊಸ ರಿಂಗ್ ಅದಕ್ಕೆ ಬಡಿದು ಮುರಿಯುತ್ತದೆ. ಆಗ ಬೋರ್ ಮಾಡಿಸಿ 0.25 ಅಥವಾ 0.50 ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಮೂರಕ್ಕೂ ಒಂದೇ ಸೈಜ್.

ಅದಕ್ಕಿಂತ ಮುಂಚೆ ಏರ್ ಫಿಲ್ಟರ್ ನೋಡಿ. ಎರೆ ಹೊಲದ ಧೂಳು ಕಣ್ಣಿಗೆ ಹಿಟ್ಟಿನಷ್ಟು ನುಣುಪು, ಒಳಗೆ ಹೋದರೆ ಉಜ್ಜುವ ಪೇಸ್ಟ್. ಫಿಲ್ಟರ್ ಆದ ಮೇಲಿನ ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿ. ಬಟ್ಟೆಗೆ ಮಣ್ಣು ಹತ್ತಿದರೆ ಎಲ್ಲೋ ಕ್ಲಿಪ್ ಸಡಿಲವಿದೆ ಅಥವಾ ಪೈಪ್ ಸೀಳಿದೆ. ಅದನ್ನು ಸರಿ ಮಾಡದೆ ಬೋರ್ ಮಾಡಿಸಿದರೆ ಹೊಸ ರಿಂಗಿಗೂ ಅದೇ ಗತಿ. ಫಿಲ್ಟರನ್ನು ಗಾಳಿ ಹೊಡೆದು ಹೊಡೆದು ಬಳಸುವುದೂ ಬೇಡ, ಕಾಗದ ತೂತಾಗುತ್ತದೆ.

ಪ್ರಶ್ನೆ: ಅಂಬಾಸಿಡರ್ ಡೀಸೆಲ್ ಇದೆ. ಪೆಟ್ರೋಲ್ ಗಾಡಿಯ ಗೇಜಿನಿಂದ ಕಂಪ್ರೆಷನ್ ನೋಡಬಹುದೇ? ಆಯಿಲ್ ಹಾಕಿಯೂ ನೋಡಬಹುದೇ?
(ನವಲಗುಂದ)

ಉತ್ತರ: ಎರಡೂ ಬೇಡ. ಪೆಟ್ರೋಲ್ ಗೇಜ್ ಸಾಮಾನ್ಯವಾಗಿ 300 ಪೌಂಡಿಗೆ ಮುಗಿಯುತ್ತದೆ. ಒಳ್ಳೆಯ ಡೀಸೆಲ್ ಎಂಜಿನ್ ಅದನ್ನು ದಾಟಿ 400ರ ಆಸುಪಾಸಿಗೆ ಹೋಗುತ್ತದೆ. ಗೇಜ್ ಹಾಳಾಗುವುದು ಬಿಡಿ, ಕೈಗೆ ಮುಖಕ್ಕೆ ಪೆಟ್ಟಾದೀತು. ಡೀಸೆಲ್ ಗೇಜನ್ನು ಹೀಟರ್ ಪ್ಲಗ್ ಅಥವಾ ಇಂಜೆಕ್ಟರ್ ಜಾಗದಲ್ಲಿ ಕೂರಿಸಿ, ಡೀಸೆಲ್ ಸಪ್ಲೈ ಬಂದ್ ಮಾಡಿ ನೋಡಬೇಕು. ಆಯಿಲ್ ಬಿಟ್ಟರೆ ಆ ಬಿಸಿಗೆ ಅದೇ ಹೊತ್ತಿಕೊಳ್ಳಬಹುದು. ಡೀಸೆಲ್ ಪಂಪಿನ ಕೆಲಸ ಬಲ್ಲವರ ಹತ್ತಿರವೇ ಹೋಗಿ.

ಪ್ರಶ್ನೆ: ನನ್ನ ಕಾರಿನ ಒಂದು ಸಿಲಿಂಡರ್ 195, ಉಳಿದವು 160. ಒಂದು ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ?
(ರಾಣೇಬೆನ್ನೂರು)

ಉತ್ತರ: ಅಲ್ಲ. ಅದರೊಳಗೆ ಕಾರ್ಬನ್ ಗಟ್ಟಿಯಾಗಿ ಕೂತು ಜಾಗ ಕಡಿಮೆಯಾಗಿದೆ, ಇಲ್ಲವೇ ಆಯಿಲ್ ಇಳಿದು ನಿಂತಿದೆ. ಆ ಸಿಲಿಂಡರಿನ ಪ್ಲಗ್ ಕಪ್ಪಗೆ ಜಿಡ್ಡಾಗಿದ್ದರೆ ವಾಲ್ವ್ ಸೀಲ್ ಹೋಗಿದೆ. ಬೆಳಿಗ್ಗೆ ಮೊದಲ ಸಲ ಚಾಲು ಮಾಡಿದಾಗ ಒಂದು ಬುಸ್ಸೆಂದು ನೀಲಿ ಹೊಗೆ ಬಂದು ನಿಂತರೂ ಅದೇ ಅರ್ಥ. ಎತ್ತರ ಏರುವಾಗ 'ಟಿಣ್ ಟಿಣ್' ಎಂದು ನಾಕಿಂಗ್ ಕೇಳಿದರೆ ತಡ ಮಾಡಬೇಡಿ.

ಪ್ರಶ್ನೆ: ಕಂಪ್ರೆಷನ್ ಹೆಚ್ಚಿಸುವ ಬಾಟಲಿ ಸಿಗುತ್ತದಂತೆ. ಆಯಿಲಿನಲ್ಲಿ ಹಾಕಲೇ?
(ಗೋಕುಲ ರಸ್ತೆ, ಹುಬ್ಬಳ್ಳಿ)

ಉತ್ತರ: ಸುಟ್ಟ ವಾಲ್ವ್, ಹರಿದ ಗ್ಯಾಸ್ಕೆಟ್ಟಿಗೆ ಯಾವ ಬಾಟಲಿಯೂ ಮದ್ದಲ್ಲ. ಅಂಟಿದ ರಿಂಗಿಗೆ ಕೆಲವೊಮ್ಮೆ ಸ್ವಲ್ಪ ಪ್ರಯೋಜನವಾಗುತ್ತದೆ, ಸವೆದ ರಿಂಗಿಗೆ ಇಲ್ಲ. ಯಾವುದು ಹೋಗಿದೆ ಎಂದು ತಿಳಿಯುವ ಮುಂಚೆ ಬಾಟಲಿ ಕೊಳ್ಳಬೇಡಿ. ಆ ದುಡ್ಡಿಗೆ ಒಂದು ಟ್ಯಾಪೆಟ್ ಹೊಂದಾಣಿಕೆ ಆಗುತ್ತದೆ.

ಓದುಗರಲ್ಲಿ ವಿನಂತಿ: ಪ್ರಶ್ನೆ ಕಳಿಸುವಾಗ ಗಾಡಿಯ ಮಾಡೆಲ್, ವರ್ಷ, ಎಷ್ಟು ಓಡಿದೆ, ಪೆಟ್ರೋಲೋ ಗ್ಯಾಸೋ ಡೀಸೆಲೋ ಎಂದು ಬರೆಯಿರಿ. ಕಂಪ್ರೆಷನ್ ನೋಡಿಸಿದ್ದರೆ ಪ್ರತಿ ಸಿಲಿಂಡರಿನ ಅಂಕಿಯನ್ನು ಬೇರೆ ಬೇರೆ ಬರೆಯಿರಿ, ಆಯಿಲ್ ಹಾಕುವ ಮುಂಚಿನದು, ಹಾಕಿದ ನಂತರದ್ದು ಎರಡೂ. "ಎಂಜಿನ್ ವೀಕ್ ಆಗಿದೆ, ಏನು ಮಾಡಲಿ" ಎಂಬ ಒಂದು ಸಾಲಿನ ಪತ್ರಗಳು ಇನ್ನೂ ನನ್ನ ಮೇಜಿನ ಮೇಲೆ ಬಿದ್ದಿವೆ. ಆ ಪತ್ರ ಕಳಿಸಿದವರು ಅಂಕಿಗಳ ಜೊತೆ ಮತ್ತೊಮ್ಮೆ ಬರೆಯಬೇಕು.